ಉರ್ದು ಮಕ್ಕಳ ಇಂಗ್ಲಿಷ್: 'ರಹಾ ಹೈ' ಬಂದಲ್ಲೆಲ್ಲಾ 'ಈಸ್, ಆಮ್, ಆರ್' ಹಾಕ್ತಾರ, ಏನ್ ಮಾಡೂದು?

ಹಳೇಹುಬ್ಬಳ್ಳಿ_ಟೀಚರ್:
ಉರ್ದು ಮಾಧ್ಯಮದ ಒಂಬತ್ತನೇ ಕ್ಲಾಸಿನ ಮಕ್ಕಳಿಗೆ ಗ್ರಾಮರ್ ಹೇಳಿಕೊಡ್ಲಿಕತ್ತೀನಿ. ಗೈಡಿನ ಪ್ರಕಾರ 'ತಾ ಹೈ' ಅಂದ್ರ ಸಿಂಪಲ್ ಪ್ರೆಸೆಂಟ್, 'ರಹಾ ಹೈ' ಕಂಟಿನ್ಯುಯಸ್, 'ಚುಕಾ ಹೈ' ಪರ್ಫೆಕ್ಟ್ ಅಂತ ಬಾಯಿಪಾಠ ಮಾಡ್ಸಿದ್ದಾತು. ಟೇಬಲ್ ಪಟಪಟ ಹೇಳ್ತಾರ. ಬರೀಲಿಕ್ಕೆ ಕೂತ್ರ ಮಾತ್ರ ಇವೇ ಮೂರು ತಪ್ಪು: 'ಐ ಆಮ್ ಲಿವಿಂಗ್ ಹಿಯರ್ ಸಿನ್ಸ್ ಫೈವ್ ಇಯರ್ಸ್', 'ಐ ಹ್ಯಾಡ್ ಗಾನ್ ಟು ಮಾರ್ಕೆಟ್ ಯೆಸ್ಟರ್ಡೇ', 'ಡಿಡ್ ಯು ವೆಂಟ್'. ಎಲ್ಲಿ ಕೆಡ್ತದ?

ಧಾರವಾಡ_ವ್ಯಾಕರಣ:
ಟೇಬಲಿನಾಗೇ ಕೆಡ್ತದ್ರಿ. ಮಕ್ಕಳು ವಾಕ್ಯದ ಬಾಲ ಅಷ್ಟೇ ನೋಡ್ತಾರ, ಕಾಲ ಹೇಳೋ ಶಬ್ದ ನೋಡೂದಿಲ್ಲ.

'ಮೈಂ ಪಾಂಚ್ ಸಾಲ್ ಸೇ ಯಹಾಂ ರೆಹ್ ರಹಾ ಹೂಂ'. ಇದರಾಗ 'ರಹಾ ಹೂಂ' ಮುಖ್ಯ ಅಲ್ಲ, 'ಸೇ' (ಅಂದ್ರ 'ಐದು ವರ್ಷದಿಂದ' ಅನ್ನೋದರಾಗಿನ 'ಇಂದ') ಮುಖ್ಯ. ಕಾಲದ ಶಬ್ದದ ಬೆನ್ನಿಗೆ 'ಸೇ' ಬಂದು, ಕೆಲಸ ಇನ್ನೂ ನಡದಿದ್ರ 'ಹ್ಯಾವ್ ಬೀನ್ ಲಿವಿಂಗ್' ಆಗಬೇಕು. ಆಮ್ಯಾಲ ಎರಡನೇ ಪ್ರಶ್ನೆ: ಎಷ್ಟು ದಿನದಿಂದ ಅಂತ ಹೇಳ್ತದೋ, ಯಾವಾಗ ಶುರು ಆತು ಅಂತ ಹೇಳ್ತದೋ? ಎಷ್ಟು ದಿನ ಅಂದ್ರ 'ಫಾರ್ ಫೈವ್ ಇಯರ್ಸ್', ಶುರುವಾದ ಹೊತ್ತು ಅಂದ್ರ 'ಸಿನ್ಸ್ 2019'. ಉರ್ದುದಾಗ ಎರಡಕ್ಕೂ ಒಂದೇ 'ಸೇ', ಅದಕ್ಕ 'ಸಿನ್ಸ್' ಎಲ್ಲಾ ಕಡೆ ನುಗ್ತದ. 'ಬಸ್ ಸೇ', 'ಗದಗ್ ಸೇ' ಅನ್ನೋ 'ಸೇ' ಬ್ಯಾರೆ, ಅದನ್ನ ಮೊದಲೇ ತೋರಿಸಿ ಬಿಡ್ರಿ. 'ನೋ' (ಗೊತ್ತಿರೂದು), 'ಲೈಕ್' ಇಂಥಾವು 'ಇಂಗ್' ತಗೊಳೂದಿಲ್ಲ. 'ಐ ಹ್ಯಾವ್ ನೋನ್ ಹಿಮ್ ಫಾರ್ ಟೂ ಇಯರ್ಸ್' ಅಂತನೇ ಆಗಬೇಕು.

ಇನ್ನ 'ಹ್ಯಾಡ್ ಗಾನ್'. ಉರ್ದುದಾಗ 'ಕಲ್ ಬಾಜಾರ್ ಗಯಾ ಥಾ' ಅನ್ನೂದು ಸಹಜ ಮಾತು, ಕನ್ನಡದಾಗೂ 'ನಿನ್ನೆ ಪ್ಯಾಟಿಗೆ ಹೋಗಿದ್ದೆ' ಅಂತೀವಿ. ಇಂಗ್ಲಿಷಿನಾಗ 'ಹ್ಯಾಡ್' ಬೇಕಂದ್ರ ಆಗಿಹೋದ ಎರಡು ಸಂಗತಿ ಬೇಕು, ಮೊದಲಾದದ್ದಕ್ಕ ಅದು ಬರ್ತದ: 'ದ ಬಸ್ ಹ್ಯಾಡ್ ಲೆಫ್ಟ್ ವೆನ್ ಐ ರೀಚ್ಡ್'. ಒಂದೇ ಸಂಗತಿ ಇದ್ರ 'ಐ ವೆಂಟ್', ಮುಗೀತು. 'ಥಾ' ಕಂಡ ಕೂಡ್ಲೇ 'ಎರಡನೇ ಸಂಗತಿ ಎಲ್ಲೈತಿ?' ಅಂತ ಕೇಳೋ ರೂಢಿ ಹಚ್ರಿ.

'ಡಿಡ್ ವೆಂಟ್'ಗೆ ಒಂದು ರಟ್ಟಿನ ಚೀಟಿ ಸಾಕು. ಮುಂದ 'ವೆಂಟ್', ಹಿಂದ 'ಡಿಡ್ + ಗೋ' ಅಂತ ಬರೀರಿ. ಹೇಳಿಕಿ ವಾಕ್ಯಕ್ಕ ಮುಂದಿನ ಮುಖ, ಪ್ರಶ್ನೆಗೂ 'ನಾಟ್'ಗೂ ಚೀಟಿ ತಿರುವಬೇಕು. ಎರಡೂ ಮುಖ ಒಮ್ಮೆಲೇ ಕಾಣೂದಿಲ್ಲಲ್ಲ, ಹಂಗ ಭೂತಕಾಲ ಒಂದೇ ಕಡೆ ಕೂಡ್ತದ. ಮಕ್ಕಳು 'ಡಿಡ್' ಅಂದ್ರ ಉರ್ದುದಾಗ ಪ್ರಶ್ನೆ ಶುರು ಮಾಡೋ 'ಕ್ಯಾ' ಅಂತ ತಿಳಕೊಂಡಿರ್ತಾರ, ಅಲ್ಲೇ ತಪ್ಪು ಹುಟ್ಟೂದು. 'ಸಾ', 'ಏಟ್', 'ಕೇಮ್', 'ಟುಕ್' ಹಿಂಗ 20 ಚೀಟಿ ಮಾಡ್ರಿ.

ಸವಣೂರು_ದಖನಿ:
ಮ್ಯಾಲಿನದು ಖರೆ, ಆದ್ರ ಎರಡು ಮಾತು ಸೇರಸ್ತೀನಿ.

'ಚುಕಾ ಹೈ' ನೆಚ್ಚಬ್ಯಾಡ್ರಿ. 'ಮೈಂನೇ ಗೋಲ್ ಗುಂಬಜ್ ದೇಖಾ ಹೈ' ಅನ್ನೋದರಾಗ 'ಚುಕಾ' ಇಲ್ಲ, ಇಂಗ್ಲಿಷಿನಾಗ 'ಹ್ಯಾವ್ ಸೀನ್' ಬೇಕೇ ಬೇಕು. 'ದೇಖಾ ಹೈ', 'ಖಾಯಾ ಹೈ' ಇವೇ ನಿಜವಾದ ಪರ್ಫೆಕ್ಟ್. ಆದ್ರ 'ಯೆಸ್ಟರ್ಡೇ' ಅಂತ ಹೊತ್ತು ಗೊತ್ತಾದ್ರ 'ಹ್ಯಾವ್' ಬಿಟ್ಟು 'ಐ ಸಾ' ಅನ್ನಬೇಕು. ಮತ್ತ ನಮ್ಮ ಕಡೆ ಮನಿಯಾಗ ಆಡೂದು ದಖನಿ, ಅಂದ್ರ ದಕ್ಷಿಣದ ಆಡುಮಾತಿನ ಉರ್ದು. ಪುಸ್ತಕದಾಗ 'ಮೈಂನೇ ರೋಟೀ ಖಾಯೀ', ಹುಡುಗನ ಬಾಯಾಗ 'ಮೈಂ ರೋಟೀ ಖಾಯಾ'. ಪುಸ್ತಕದ ಉರ್ದುನೇ ಕೊಟ್ರ ಮೊದಲು 'ಮೈಂನೇ' ಒಳಗಿನ 'ನೇ'ಗೆ ಎಡವಿ, ಆಮ್ಯಾಲ ಇಂಗ್ಲಿಷಿಗೆ ಎಡವ್ತಾನ. ಅವರ ಮಾತಿನ ವಾಕ್ಯದಿಂದನೇ ಶುರು ಮಾಡ್ರಿ.

ಒಂದು ಕಡೆ ಕನ್ನಡ ಭಾಳ ಉಪಯೋಗ ಆಗ್ತದ. 'ಅಗರ್ ಬಾರಿಶ್ ಹೋಗೀ ತೋ ಮೈಂ ನಹೀಂ ಆವೂಂಗಾ', ಎರಡೂ ಕಡೆ ಭವಿಷ್ಯ. ಅದಕ್ಕ 'ಇಫ್ ಇಟ್ ವಿಲ್ ರೇನ್' ಬರೀತಾರ. 'ಮಳಿ ಬಂದ್ರ ನಾ ಬರೂದಿಲ್ಲ' ಅಂತ ಹೇಳ್ಸಿ ನೋಡ್ರಿ. 'ಬಂದ್ರ' ಅನ್ನೋದರಾಗ ಭವಿಷ್ಯ ಎಲ್ಲೈತಿ? 'ಇಫ್ ಇಟ್ ರೇನ್ಸ್'ನಾಗೂ ಹಂಗೇ. ಓಣ್ಯಾಗ ಕನ್ನಡ ಆಡೋ ಹುಡುಗರಿಗೆ ಇದು ಲಗೂನ ಹತ್ತತದ.

ಹಳೇಹುಬ್ಬಳ್ಳಿ_ಟೀಚರ್:
ಚೀಟಿ ನಾಳೆನೇ ಮಾಡ್ತೀನ್ರಿ. ದಿನಾ ಎಷ್ಟು ವಾಕ್ಯ ಕೊಡ್ಬೇಕು?

ಧಾರವಾಡ_ವ್ಯಾಕರಣ:
ಹತ್ತು ಸಾಕ್ರಿ, ಆದ್ರ ಹತ್ತೂ ಒಂದೇ ಟೆನ್ಸ್ ಇರಬಾರ್ದು. ಒಂದೇ ಇದ್ರ ಮೊದಲನೇದು ನೋಡಿ ಉಳದ ಒಂಬತ್ತು ಓದದೇ ಬರೀತಾರ. ಮೂರು 'ಸೇ' ಇರೋವು, ಮೂರು 'ಥಾ' ಇರೋವು, ಎರಡು ಪ್ರಶ್ನೆ, ಎರಡು 'ಅಗರ್', ಕಲಸಿ ಕೊಡ್ರಿ. ಮೊದಲ ಐದು ನಿಮಿಷ ಪೆನ್ಸಿಲ್ ಹಿಡದು ಕಾಲದ ಶಬ್ದದ ಕೆಳಗ ಗೆರಿ ಎಳೀಲಿ, ಪೆನ್ನು ಆಮ್ಯಾಲ. 'ಕಲ್' ಬಂದಲ್ಲಿ ಜ್ವಾಕಿ, ಅದು ನಿನ್ನೆನೂ ಹೌದು ನಾಳೆನೂ ಹೌದು, ಕ್ರಿಯಾಪದ ನೋಡಿ 'ಯೆಸ್ಟರ್ಡೇ'ನೋ 'ಟುಮಾರೋ'ನೋ ಅಂತ ಪಕ್ಕದಾಗ ಬರದ ಮುಂದ ಹೋಗ್ಲಿ.