ಓಝೋನ್ ತೂತಿನಿಂದ ಭೂಮಿ ಬಿಸಿಯಾಗ್ತಿದೆ ಅಂತ ಬರೆದ್ರೆ ಯಾಕೆ ತಪ್ಪು?

ಎಂಟನೇ ಕ್ಲಾಸಿನ ಅಮ್ಮ:

ಎಲ್ಲರಿಗೂ ನಮಸ್ಕಾರ. ನನ್ನ ಮಗಳು ಎಂಟನೇ ಕ್ಲಾಸು. ಪರಿಸರ ಪಾಠದ ಟೆಸ್ಟಲ್ಲಿ ಜಾಗತಿಕ ತಾಪಮಾನ ಏರಿಕೆಗೆ ಕಾರಣ ಏನು ಅಂತ ಮೂರು ಮಾರ್ಕ್ಸಿನ ಪ್ರಶ್ನೆ ಇತ್ತಂತೆ, ಇವಳು "ಗಾಡಿ ಮತ್ತು ಫ್ಯಾಕ್ಟರಿ ಹೊಗೆಯಿಂದ ಓಝೋನ್ ಪದರದಲ್ಲಿ ತೂತಾಗಿದೆ, ಆ ತೂತಿನಿಂದ ಬಿಸಿಲು ಜಾಸ್ತಿ ಒಳಗೆ ಬಂದು ಭೂಮಿ ಬಿಸಿಯಾಗ್ತಿದೆ" ಅಂತ ಬರೆದು ಬಂದಿದ್ದಾಳೆ, ಸೊನ್ನೆ ಬಿದ್ದಿದೆ. ಅಳ್ತಾ ಬಂದು ಯಾಕಮ್ಮ ತಪ್ಪು ಅಂತ ಕೇಳಿದ್ರೆ ನನಗೂ ಏನು ಹೇಳ್ಬೇಕೋ ತಿಳೀಲಿಲ್ಲ, ಯಾಕಂದ್ರೆ ಇಷ್ಟು ವರ್ಷ ನಾನೂ ಹಾಗೇ ಅಂದ್ಕೊಂಡಿದ್ದೆ. ಪುಸ್ತಕದಲ್ಲಿ ಎರಡೂ ಪಕ್ಕಪಕ್ಕದ ಪುಟದಲ್ಲಿದೆ, ಎರಡೂ ವಾಯುಮಾಲಿನ್ಯ ಅನ್ನೋ ಒಂದೇ ಪಾಠದೊಳಗೆ. ಮಗುಗೆ ಅರ್ಥ ಆಗೋ ಹಾಗೆ ಯಾರಾದ್ರೂ ಬಿಡಿಸಿ ಹೇಳ್ತೀರಾ? ಬಾಯಿಪಾಠ ಮಾಡಿಸೋಕೆ ಉತ್ತರ ಬೇಡ, ಎಲ್ಲಿ ತಪ್ಪಿದ್ದು ಅಂತ ಅವಳಿಗೆ ಗೊತ್ತಾಗ್ಬೇಕು.

ಸೈನ್ಸ್ ಟೀಚರ್:

ಮೇಡಂ, ಮಗಳಿಗೆ ಮೊದಲು ಸಮಾಧಾನ ಹೇಳಿ, ನಾನು ಪೇಪರ್ ತಿದ್ದುವಾಗ ಅತಿ ಹೆಚ್ಚು ನೋಡೋ ತಪ್ಪು ಇದೇ. ಎರಡನ್ನೂ ಬೇರೆ ಮಾಡೋಕೆ ಒಂದೇ ಪ್ರಶ್ನೆ ಕೇಳ್ಕೊಂಡ್ರೆ ಸಾಕು: ಯಾವ ಕಿರಣ, ಯಾವ ಕಡೆಗೆ ಹೋಗ್ತಿದೆ?

ಓಝೋನ್ ಕಥೆ ಸೂರ್ಯನಿಂದ ಕೆಳಗೆ ಬರೋ ನೇರಳಾತೀತ ಕಿರಣದ್ದು. ನೆಲದಿಂದ ಸುಮಾರು 15ರಿಂದ 35 ಕಿಲೋಮೀಟರ್ ಎತ್ತರದಲ್ಲಿ ಓಝೋನ್ ಜಾಸ್ತಿ ಇರುತ್ತೆ, ಅದು ಈ ಕಿರಣದ ಹೆಚ್ಚಿನ ಪಾಲನ್ನ ಅಲ್ಲೇ ತಡೆಯುತ್ತೆ. ಅದು ತೆಳುವಾದ್ರೆ ಚರ್ಮದ ಕ್ಯಾನ್ಸರ್, ಕಣ್ಣಿನ ಪೊರೆ, ಗಿಡಗಳಿಗೆ ಹಾನಿ, ಈ ಥರದ ತೊಂದರೆ. ಸೂರ್ಯನಿಂದ ಬರೋ ಒಟ್ಟು ಶಕ್ತಿಯಲ್ಲಿ ಓಝೋನ್ ತಡೆಯೋ ಆ ಕಿರಣದ ಪಾಲು ತುಂಬಾ ಸಣ್ಣದು, ಹಾಗಾಗಿ ಅದು ಸ್ವಲ್ಪ ಜಾಸ್ತಿ ಒಳಗೆ ಬಂತು ಅಂತ ಇಡೀ ಭೂಮಿ ಕಾದುಹೋಗಲ್ಲ.

ತಾಪಮಾನದ ಕಥೆ ಉಲ್ಟಾ ದಿಕ್ಕಿಂದು, ಭೂಮಿಯಿಂದ ಮೇಲಕ್ಕೆ ಹೋಗೋ ಕಿರಣದ್ದು. ಬಿಸಿಲಿಗೆ ಕಾದ ನೆಲ ಮತ್ತು ಸಮುದ್ರ ಆ ಶಾಖನ ಕಣ್ಣಿಗೆ ಕಾಣದ ಅವಕೆಂಪು ಕಿರಣವಾಗಿ ವಾಪಸ್ ಕಳಿಸ್ತಾ ಇರುತ್ತೆ, ರಾತ್ರಿನೂ ಕಳಿಸುತ್ತೆ. ಗಾಳಿಯಲ್ಲಿ ಹೆಚ್ಚಿಗೆ ಇರೋ ನೈಟ್ರೋಜನ್, ಆಕ್ಸಿಜನ್ ಇದನ್ನ ತಡೆಯಲ್ಲ. ನೀರಾವಿ, ಕಾರ್ಬನ್ ಡೈಆಕ್ಸೈಡ್, ಮೀಥೇನ್ ಹೀರ್ಕೊಂಡು ಒಂದಿಷ್ಟನ್ನ ಮತ್ತೆ ಕೆಳಗೆ ಕಳಿಸುತ್ತೆ. ರಗ್ಗು ಹೊದ್ಕೊಂಡ ಹಾಗೆ ಅಂತ ನಾನು ಮಕ್ಕಳಿಗೆ ಹೇಳ್ತೀನಿ, ರಗ್ಗಿಗೆ ಸ್ವಂತ ಬಿಸಿ ಇಲ್ಲ, ನಮ್ಮ ಮೈಯ ಬಿಸಿ ಹೊರಗೆ ಹೋಗದ ಹಾಗೆ ಹಿಡಿಯುತ್ತೆ ಅಷ್ಟೇ. ಈ ರಗ್ಗು ಇರ್ಲೇಬೇಕು, ಇಲ್ದಿದ್ರೆ ಭೂಮಿಯ ಸರಾಸರಿ ಉಷ್ಣತೆ ಸುಮಾರು ಮೈನಸ್ 18 ಡಿಗ್ರಿ ಇರ್ತಿತ್ತು, ಇರೋದ್ರಿಂದ 15 ಡಿಗ್ರಿ ಆಸುಪಾಸು. ತೊಂದರೆ ಏನಂದ್ರೆ ಕಲ್ಲಿದ್ದಲು, ಪೆಟ್ರೋಲು, ಡೀಸೆಲ್ ಸುಟ್ಟು, ಕಾಡು ಕಡಿದು ನಾವು ರಗ್ಗನ್ನ ದಪ್ಪ ಮಾಡ್ತಿದೀವಿ. ಕೈಗಾರಿಕೆಗಳು ಶುರುವಾಗೋ ಮೊದಲು ಗಾಳಿಯ ಹತ್ತು ಲಕ್ಷ ಭಾಗದಲ್ಲಿ ಕಾರ್ಬನ್ ಡೈಆಕ್ಸೈಡ್ ಸುಮಾರು 280 ಭಾಗ ಇತ್ತು, ಈಗ 420 ದಾಟಿದೆ.

ಮಗಳ ಉತ್ತರದಲ್ಲಿ "ಒಳಗೆ ಬಂದು" ಅಂತಿದ್ಯಲ್ಲ, ತಪ್ಪಿದ್ದು ಅಲ್ಲೇ. ಜಾಸ್ತಿ ಒಳಗೆ ಬರ್ತಿರೋದಲ್ಲ, ಹೊರಗೆ ಹೋಗೋಕೆ ಬಿಡ್ತಿಲ್ಲ.

ಹವಾಮಾನದ ಹುಡುಗ:

ಟೀಚರ್ ಹೇಳಿದ್ದು ಪೂರ್ತಿ ಸರಿ. ತೂತು ಅನ್ನೋ ಪದದ ಬಗ್ಗೆ ಒಂದು ಮಾತು ಸೇರಿಸ್ತೀನಿ, ಗೊಂದಲಕ್ಕೆ ಅರ್ಧ ಕಾರಣ ಆ ಪದಾನೇ ಅಂತ ನನಗನ್ಸುತ್ತೆ. ತೂತು ಅಂದ ತಕ್ಷಣ ಮಕ್ಕಳ ತಲೇಲಿ ಹರಿದ ಕೊಡೆ ಬರುತ್ತೆ. ಅಲ್ಲಿ ಖಾಲಿ ಜಾಗ ಏನೂ ಇಲ್ಲ. ತಲೆ ಮೇಲಿರೋ ಓಝೋನನ್ನೆಲ್ಲ ನೆಲಮಟ್ಟಕ್ಕೆ ತಂದು, ಸೊನ್ನೆ ಡಿಗ್ರಿಯಲ್ಲಿ ಶುದ್ಧ ಪದರವಾಗಿ ಹರಡಿದ್ರೆ ಸಾಮಾನ್ಯವಾಗಿ ಸುಮಾರು 3 ಮಿಲಿಮೀಟರ್ ದಪ್ಪ ಇರುತ್ತೆ, ಅಷ್ಟೇ ಇರೋದು. ಅದನ್ನ 300 ಡಾಬ್ಸನ್ ಯೂನಿಟ್ ಅಂತಾರೆ. 220ಕ್ಕಿಂತ ಕಡಿಮೆಯಾದ ಜಾಗನ ಓಝೋನ್ ರಂಧ್ರ ಅಂತ ಲೆಕ್ಕ ಹಾಕ್ತಾರೆ, ಅಂದ್ರೆ ತೀರಾ ತೆಳುವಾದ ಜಾಗ. ಅದೂ ವರ್ಷಪೂರ್ತಿ ಇರಲ್ಲ, ಅಂಟಾರ್ಕ್ಟಿಕಾ ಮೇಲೆ ಆಗಸ್ಟ್ ಹೊತ್ತಿಗೆ ಶುರುವಾಗಿ ಸೆಪ್ಟೆಂಬರ್ ಅಕ್ಟೋಬರಲ್ಲಿ ದೊಡ್ಡದಾಗಿ ಆಮೇಲೆ ಮುಚ್ಕೊಳ್ಳುತ್ತೆ.

ಇನ್ನು ಮಗಳು "ಸರಿ, ಆದ್ರೆ ತೂತಿನಿಂದ ಅಲ್ಲ ಅಂತ ಹೇಗೆ ಗೊತ್ತು" ಅಂತ ಕೇಳಿದ್ರೆ (ಕೇಳ್ಬೇಕು, ಒಳ್ಳೇ ಪ್ರಶ್ನೆ ಅದು) ಅವಳನ್ನೇ ಪತ್ತೇದಾರಿ ಮಾಡಿ. ತೂತೇ ಕಾರಣ ಆಗಿದ್ರೆ ಅದರ ಕೆಳಗಿರೋ ಅಂಟಾರ್ಕ್ಟಿಕಾ ಎಲ್ಲಕ್ಕಿಂತ ಬೇಗ ಬಿಸಿಯಾಗ್ಬೇಕಿತ್ತು, ಆದ್ರೆ ಅತಿ ವೇಗವಾಗಿ ಬಿಸಿಯಾಗ್ತಿರೋದು ಅದರ ಎದುರು ತುದಿಯ ಆರ್ಕ್ಟಿಕ್. ಬಿಸಿಲು ಜಾಸ್ತಿ ಬರ್ತಿದ್ರೆ ಹಗಲು ಹೆಚ್ಚು ಬಿಸಿಯಾಗ್ಬೇಕಿತ್ತು, ಆದ್ರೆ 1950ರಿಂದ ಈಚೆಗೆ ಒಟ್ಟಾರೆ ನೋಡಿದ್ರೆ ನೆಲದ ಮೇಲೆ ಹಗಲಿಗಿಂತ ರಾತ್ರಿಗಳೇ ಬೇಗ ಬಿಸಿಯಾಗಿವೆ, ರಾತ್ರಿ ಬಿಸಿಲು ಎಲ್ಲಿಂದ ಬಂತು? ರಗ್ಗಾದ್ರೆ ರಾತ್ರಿನೂ ಮೈಮೇಲೆ ಇರುತ್ತೆ. ನನಗೆ ಎಲ್ಲಕ್ಕಿಂತ ಇಷ್ಟವಾದ ಸುಳಿವು ಇನ್ನೊಂದಿದೆ, ನೆಲದ ಹತ್ತಿರದ ಗಾಳಿ ಬಿಸಿಯಾಗ್ತಿರುವಾಗಲೇ ಮೇಲಿನ ವಾಯುಮಂಡಲ ತಣ್ಣಗಾಗ್ತಾ ಬಂದಿದೆ. ಓಝೋನ್ ಕಡಿಮೆಯಾದದ್ದೂ ಅದಕ್ಕೆ ಒಂದಿಷ್ಟು ಕಾರಣ ನಿಜ, ಆದ್ರೆ ಸೂರ್ಯನಿಂದಲೇ ಶಾಖ ಜಾಸ್ತಿ ಬರ್ತಿದ್ರೆ ಮೇಲೂ ಬಿಸಿಯಾಗ್ಬೇಕಿತ್ತು ಅಲ್ವಾ.

ಎಂಟನೇ ಕ್ಲಾಸಿನ ಅಮ್ಮ:

ಇಬ್ಬರಿಗೂ ತುಂಬಾ ಥ್ಯಾಂಕ್ಸ್, ರಗ್ಗಿನ ಮಾತು ಹೇಳಿದ ಕೂಡಲೇ ಮುಖ ಅರಳಿತು, ರಾತ್ರಿ ಬಿಸಿಲು ಎಲ್ಲಿಂದ ಬಂತು ಅಂತ ಈಗ ಅವಳೇ ತಮ್ಮನಿಗೆ ಪಾಠ ಮಾಡ್ತಿದ್ದಾಳೆ. ಅವಳದ್ದು ಎರಡು ಪ್ರಶ್ನೆ ಇನ್ನೂ ಉಳಿದಿದೆ. ಗಾಡಿ ಹೊಗೆಯಿಂದ ಅಲ್ದೆ ಇದ್ರೆ ಓಝೋನ್ ತೆಳುವಾಗಿದ್ದು ಯಾತರಿಂದ? ಆಮೇಲೆ, ಎರಡಕ್ಕೂ ಸಂಬಂಧಾನೇ ಇಲ್ವಾ, ಅಥವಾ ಸ್ವಲ್ಪ ಇದ್ಯಾ?

ಸೈನ್ಸ್ ಟೀಚರ್:

ಹಳೇ ಫ್ರಿಜ್, ಏಸಿ, ಸ್ಪ್ರೇ ಡಬ್ಬಿಗಳಲ್ಲಿ ಬಳಸ್ತಿದ್ದ ಸಿಎಫ್‌ಸಿ ಅನ್ನೋ ಅನಿಲಗಳು ಮುಖ್ಯ ಕಾರಣ. ಅವು ಕೆಳಗೆ ಯಾವುದರ ಜೊತೆಗೂ ಸುಲಭಕ್ಕೆ ಸೇರಲ್ಲ, ಹಾಗಾಗಿ ನಿಧಾನಕ್ಕೆ ಮೇಲೆ ತಲುಪಿ ಅಲ್ಲಿನ ನೇರಳಾತೀತ ಕಿರಣಕ್ಕೆ ಒಡೆದು ಕ್ಲೋರಿನ್ ಬಿಡುತ್ತೆ. ಒಂದು ಕ್ಲೋರಿನ್ ಪರಮಾಣು ತಾನು ಖರ್ಚಾಗದೆ ಸಾವಿರಾರು ಓಝೋನ್ ಅಣುಗಳನ್ನ ಮುರಿಯುತ್ತೆ. ಹೀಗಾಗಬಹುದು ಅಂತ 1974ರಲ್ಲೇ ಮೊಲಿನಾ ಮತ್ತು ರೋಲಂಡ್ ಅನ್ನೋ ವಿಜ್ಞಾನಿಗಳು ಹೇಳಿದ್ರು. 1985ರಲ್ಲಿ ಅಂಟಾರ್ಕ್ಟಿಕಾದ ಅಳತೆ ಇಟ್ಕೊಂಡು ಫಾರ್ಮನ್ ಮತ್ತು ಜೊತೆಯವರು ರಂಧ್ರದ ವಿಷಯ ಪ್ರಕಟಿಸಿದ್ರು, ಎರಡೇ ವರ್ಷಕ್ಕೆ, 1987ರ ಸೆಪ್ಟೆಂಬರ್ 16ಕ್ಕೆ ಇಂಥ ಅನಿಲಗಳಿಗೆ ಕಡಿವಾಣ ಹಾಕೋ ಮಾಂಟ್ರಿಯಲ್ ಒಪ್ಪಂದ ಆಯ್ತು. ಸೆಪ್ಟೆಂಬರ್ 16 ಓಝೋನ್ ದಿನ ಆಗಿರೋದು ಅದಕ್ಕೇ.

ಗಾಡಿ ಹೊಗೆಗೂ ಓಝೋನಿಗೂ ಸಂಬಂಧ ಇದೆ, ಆದ್ರೆ ಬೇರೆ ಥರ. ಆ ಹೊಗೆ ಬಿಸಿಲಿಗೆ ಸಿಕ್ಕಿ ನೆಲಮಟ್ಟದಲ್ಲಿ ಹೊಸದಾಗಿ ಓಝೋನ್ ತಯಾರಾಗುತ್ತೆ, ಅದನ್ನ ಉಸಿರಾಡಿದ್ರೆ ಶ್ವಾಸಕೋಶಕ್ಕೆ ಕೆಟ್ಟದ್ದು. ಮೇಲಿದ್ರೆ ನಮ್ಮನ್ನ ಕಾಯುತ್ತೆ, ಮೂಗಿನ ಹತ್ತಿರ ಇದ್ರೆ ಕಾಡುತ್ತೆ, ಅನಿಲ ಒಂದೇ.

ಹವಾಮಾನದ ಹುಡುಗ:

ಎರಡನೇ ಪ್ರಶ್ನೆಗೆ: ಸ್ವಲ್ಪ ಇದೆ. ಸಿಎಫ್‌ಸಿ ಎರಡೂ ಕಡೆ ತೊಂದರೆ ಕೊಡುತ್ತೆ, ಅದೂ ಒಂದು ಪ್ರಬಲ ಹಸಿರುಮನೆ ಅನಿಲ, ಅಂದ್ರೆ ರಗ್ಗಿನ ಥರ ಶಾಖ ಹಿಡಿಯೋ ಅನಿಲ. ಸಿಎಫ್‌ಸಿ-12 ಅನ್ನೋದನ್ನ ನೂರು ವರ್ಷದ ಲೆಕ್ಕದಲ್ಲಿ ನೋಡಿದ್ರೆ, ಅಷ್ಟೇ ತೂಕದ ಕಾರ್ಬನ್ ಡೈಆಕ್ಸೈಡಿಗಿಂತ 10,000 ಪಟ್ಟಿಗೂ ಹೆಚ್ಚು ಶಾಖ ಹಿಡಿಯುತ್ತೆ. ಹಾಗಾಗಿ ಓಝೋನಿಗೆ ಅಂತ ಮಾಡಿದ ಒಪ್ಪಂದ ತಾಪಮಾನಕ್ಕೂ ನೆರವಾಯ್ತು. ಆದ್ರೆ ಸಿಎಫ್‌ಸಿ ಬದಲಿಗೆ ಬಂದ ಎಚ್‌ಎಫ್‌ಸಿ ಅನ್ನೋ ಅನಿಲಗಳಲ್ಲಿ ಕ್ಲೋರಿನ್ ಇಲ್ಲ, ಓಝೋನ್ ಬಚಾವ್, ಶಾಖ ಮಾತ್ರ ಚೆನ್ನಾಗೇ ಹಿಡಿಯುತ್ತೆ, ಅದನ್ನ ಕಡಿಮೆ ಮಾಡೋಕೆ 2016ರಲ್ಲಿ ರುವಾಂಡಾದ ಕಿಗಾಲಿಯಲ್ಲಿ ಅದೇ ಒಪ್ಪಂದಕ್ಕೆ ತಿದ್ದುಪಡಿ ತಂದ್ರು. ಆದ್ರೂ ತಾಪಮಾನ ಏರಿಕೆಗೆ ಮೊದಲ ಕಾರಣ ಕಾರ್ಬನ್ ಡೈಆಕ್ಸೈಡೇ, ಮೂರು ಮಾರ್ಕ್ಸಿನ ಉತ್ತರದಲ್ಲಿ ಮೊದಲು ಅದನ್ನೇ ಬರೀಲಿ.

ಎಂಟನೇ ಕ್ಲಾಸಿನ ಅಮ್ಮ:

ಬರೆದು ತೋರಿಸಿದ್ಲು, ಈ ಸಲ ಕಾರ್ಬನ್ ಡೈಆಕ್ಸೈಡಿಂದಲೇ ಶುರು ಮಾಡಿದ್ದಾಳೆ. ಇನ್ನೊಂದು ಕೇಳು ಅಂತ ಪಕ್ಕದಲ್ಲೇ ಕೂತಿದ್ದಾಳೆ, ಸಿಎಫ್‌ಸಿ ನಿಲ್ಲಿಸಿ ಇಷ್ಟು ವರ್ಷ ಆಯ್ತಲ್ಲ, ತೂತು ಇನ್ನೂ ಯಾಕೆ ಮುಚ್ಚಿಲ್ಲ ಅಂತೆ.

ಸೈನ್ಸ್ ಟೀಚರ್:

ಆಗ ಬಿಟ್ಟಿದ್ದು ಇನ್ನೂ ಮೇಲೆ ಇದೆ ಪುಟ್ಟಿ. ಸಿಎಫ್‌ಸಿ-11 ಗಾಳಿಯಲ್ಲಿ ಸುಮಾರು 50 ವರ್ಷ ಉಳಿಯುತ್ತೆ, ಸಿಎಫ್‌ಸಿ-12 ಸುಮಾರು 100 ವರ್ಷ. ಪ್ರಮಾಣ ಇಳೀತಾ ಬಂದಿದೆ, ಓಝೋನೂ ನಿಧಾನಕ್ಕೆ ಚೇತರಿಸ್ಕೊಳ್ತಿದೆ. ಇದೇ ರೀತಿ ನಡೆದ್ರೆ ಅಂಟಾರ್ಕ್ಟಿಕಾ ಮೇಲೆ 1980ರಲ್ಲಿ ಇದ್ದಷ್ಟು ಮತ್ತೆ ಆಗೋದು 2066ರ ಹೊತ್ತಿಗೆ ಅಂತ ವಿಜ್ಞಾನಿಗಳ ಅಂದಾಜು.