ಬಿಯರ್ ಮಗ್ ತಳದಲ್ಲಿ 1909 ಅಂತಿದೆ, ಅದು ಇಸವಿನಾ?

ಪ್ರಶ್ನೆ: ನಮಸ್ಕಾರ ಸರ್, ನಾನು ಮ್ಯೂನಿಕ್‌ನಲ್ಲಿ ಇರೋದು. ಹೋದ ಶನಿವಾರ ಫ್ಲೀ ಮಾರ್ಕೆಟ್‌ನಲ್ಲಿ ಮುಚ್ಚಳ ಇರೋ ಹಳೇ ಬಿಯರ್ ಮಗ್ ಒಂದು ತಗೊಂಡೆ, ಇಲ್ಲಿಯವರು ಕ್ರೂಗ್ ಅಂತಾರಲ್ಲ ಅದು, 70 ಯೂರೋ ಕೊಟ್ಟೆ. ಮನೆಗೆ ತಂದು ತಲೆಕೆಳಗೆ ಮಾಡಿ ನೋಡಿದ್ರೆ ತಳದಲ್ಲಿ ದಪ್ಪಗೆ 1909 ಅಂತ ಒತ್ತಿದಾರೆ, ಪಕ್ಕದಲ್ಲಿ ಸಣ್ಣಗೆ 02, ಜೊತೆಗೊಂದು ಹಸಿರು ಮುದ್ರೆ, ಅದರಲ್ಲಿ ರೆಕ್ಕೆ ಟೋಪಿ ಹಾಕ್ಕೊಂಡಿರೋ ತಲೆ. ಮಾರಿದ ಅಜ್ಜ 1909ರ ಮಾಲು ಅಂದ್ರು. ಆದ್ರೆ ಮುಚ್ಚಳದ ಒಳಗೆ ಇನ್ಯಾವುದೋ ಹೆಸರಿದೆ, ತಲೆ ಕೆಟ್ಟೋಗಿದೆ.

ಉತ್ತರ: 1909 ಇಸವಿ ಅಲ್ಲವೇ ಅಲ್ಲ. ಅದು ಅಚ್ಚಿನ ನಂಬರ್, ಅಂದ್ರೆ ಮಗ್ಗಿನ ಆಕಾರದ್ದು. ಇಸವಿ ಇರೋದು ಆ ಸಣ್ಣ 02ರಲ್ಲಿ, 1902. ಅಜ್ಜ ಹೇಳಿದ್ದಕ್ಕಿಂತ ಏಳು ವರ್ಷ ಹಳೇದೇ ಸಿಕ್ಕಿದೆ ನಿಮಗೆ. ನಗಬೇಡಿ, ಹರಾಜು ಮನೆಯಲ್ಲಿ ಕೆಲಸಕ್ಕೆ ಸೇರಿದ ಹೊಸದರಲ್ಲಿ ನಾನೂ ಕ್ಯಾಟಲಾಗ್‌ನಲ್ಲಿ ಇದೇ ತಪ್ಪು ಮಾಡಿ ಬೈಸ್ಕೊಂಡಿದೀನಿ.

ಆ ರೆಕ್ಕೆ ಟೋಪಿ ತಲೆ ಮರ್ಕ್ಯುರಿ, ವ್ಯಾಪಾರದ ದೇವರು, ವಿಲ್ಲೆರಾಯ್ ಅಂಡ್ ಬೋಖ್ ಕಂಪನಿಯ ಫ್ಯಾಕ್ಟರಿ ಗುರುತು, ಜರ್ಮನಿಯ ಮೆಟ್ಲಾಖ್ ಅನ್ನೋ ಊರಲ್ಲಿರೋದು. ಬೋಖ್ ಮನೆತನದವರು 1809ರಲ್ಲಿ ಅಲ್ಲಿನ ಬೆನೆಡಿಕ್ಟೈನ್ ಅನ್ನೋ ಕ್ರೈಸ್ತ ಸನ್ಯಾಸಿಗಳ ಹಳೇ ಮಠಾನ ಕೊಂಡ್ಕೊಂಡು ಅದರಲ್ಲೇ ಕಾರ್ಖಾನೆ ಮಾಡಿದ್ರು, ವಿಲ್ಲೆರಾಯ್ ಜೊತೆ ಸೇರಿದ್ದು 1836ರಲ್ಲಿ. ಇದೇ ಫ್ಯಾಕ್ಟರಿಯ ಇನ್ನೊಂದು ಗುರುತಲ್ಲಿ ತಲೆ ಬದಲು ಗೋಪುರ ಇರುತ್ತೆ, ಅದು ಆ ಮಠದ್ದೇ. ಚಿತ್ರದ ಮೇಲೆ ಉಗುರು ಆಡಿಸಿ ನೋಡಿ, ನುಣ್ಣಗೆ ಜಾರಿದ್ರೆ ಗ್ಲೇಜ್ ಅಂದ್ರೆ ಮೇಲಿನ ಗಾಜಿನಂಥ ಲೇಪದ ಕೆಳಗೆ ಪ್ರಿಂಟ್ ಮಾಡಿದ್ದು, ನಿಮ್ಮ 1909 ಆ ಜಾತಿದೇ. ಗೆರೆ ಗೆರೆಗೂ ಉಗುರು ಸಿಕ್ಕಿಹಾಕ್ಕೊಂಡ್ರೆ ಕೊರೆದ ಕೆಲಸ, ಅದರ ರೇಟೇ ಬೇರೆ. ಒಂದೇ ಆಕಾರದ ಮೇಲೆ ಬೇರೆ ಬೇರೆ ಚಿತ್ರ ಹಾಕ್ತಿದ್ರು, ಅದಕ್ಕೇ ಚಿತ್ರದ ನಂಬರ್ ಬೇರೆ ಇರುತ್ತೆ, ಇಂಕಲ್ಲಿ. ಮೊಬೈಲ್ ಟಾರ್ಚನ್ನ ಪಕ್ಕದಿಂದ ಓರೆಯಾಗಿ ಬಿಟ್ಟು ತಳದ ಒಂದು ಫೋಟೋ ಹಾಕಿ, ಮೇಲಿಂದ ಫ್ಲ್ಯಾಶ್ ಹೊಡೆದ್ರೆ ಒತ್ತಿದ ನಂಬರ್ ಮಾಯ.

ಮುಚ್ಚಳದ ಹೆಸರಿಗೆ ತಲೆ ಕೆಡಿಸ್ಕೋಬೇಡಿ. ಮಣ್ಣಿನ ಕೆಲಸದವರು ಬೇರೆ ತವರದ ಕೆಲಸದವರು ಬೇರೆ, ಎಷ್ಟೋ ಸಲ ಮಗ್ ಬರೀ ಮೈಯಲ್ಲಿ ಅಂಗಡಿಗೆ ಹೋಗಿ ಅಲ್ಲಿ ಮುಚ್ಚಳ ಹಾಕಿಸ್ಕೊಳ್ತಿತ್ತು.

ಇನ್ನೊಬ್ಬರು: ಸರ್ ನನ್ನ ಹತ್ರ ಇರೋದರಲ್ಲಿ ಕಂಪನಿ ಹೆಸರೇ ಇಲ್ಲ, ಬರೀ ಒಂದು ನಂಬರು, ಮತ್ತೆ ‘ಗೆಸ್. ಗೆಶ್.’ ಅಂತಿದೆ. ಅದು ಯಾವ ಕಂಪನಿ? ಡೂಪ್ಲಿಕೇಟಾ?

ಉತ್ತರ: ಅದು ಕಂಪನಿ ಅಲ್ಲ ಮೇಡಂ, ‘ಗೆಸೆಟ್ಸ್‌ಲಿಶ್ ಗೆಶುಟ್ಸ್ಟ್’ ಅನ್ನೋದರ ಶಾರ್ಟ್, ಡಿಸೈನ್‌ಗೆ ಕಾನೂನು ರಕ್ಷಣೆ ಇದೆ ಅಂತ ಅಷ್ಟೇ. ಹೆಸರಿಲ್ಲದ ಮಾತ್ರಕ್ಕೆ ಡೂಪ್ಲಿಕೇಟ್ ಅನ್ನೋಕಾಗಲ್ಲ, ಜರ್ಮನಿಯ ವೆಸ್ಟರ್‌ವಾಲ್ಡ್ ಕಡೆ ಹ್ಯೋರ್, ಗ್ರೆನ್ಸ್‌ಹೌಸನ್ ಸುತ್ತಮುತ್ತ ಎಷ್ಟೋ ಜನ ನಂಬರ್ ಮಾತ್ರ ಒತ್ತಿ ಬಿಡ್ತಿದ್ರು. ಕತ್ತಿನ ಹತ್ರ ಒಂದು ಗೆರೆ, ಪಕ್ಕದಲ್ಲಿ ಅರ್ಧ ಲೀಟರ್ ಅಂತ ಇದೆಯಾ ನೋಡಿ. ಜನಕ್ಕೆ ಬಿಯರ್ ಕಮ್ಮಿ ಹಾಕಿ ಮೋಸ ಮಾಡ್ಬಾರ್ದು ಅಂತ 1881ರಲ್ಲಿ ಜರ್ಮನಿಯಲ್ಲಿ ಕಾನೂನು ಮಾಡಿದ್ರು, 1884ರಿಂದ ಜಾರಿ. ಗೆರೆ ಇದ್ರೆ ಸಾಮಾನ್ಯವಾಗಿ ಆಮೇಲಿನದು. ಇಲ್ಲ ಅಂದ್ರೆ ತುಂಬಾ ಹಳೇದು ಅಂತ ಕುಣಿಬೇಡಿ, ಹೊರದೇಶಕ್ಕೆ ಕಳಿಸಿದ್ದಕ್ಕೆ ಗೆರೆ ಹಾಕ್ಲೇಬೇಕು ಅಂತಿರಲಿಲ್ಲ. ‘ವೆಸ್ಟ್ ಜರ್ಮನಿ’ ಅಂತ ಇದ್ರಂತೂ ಮುಗೀತು, 1949ರಿಂದ 1990ರ ಒಳಗಿನದು, ಅಂಗಡಿಯವನು ಕೈಸರ್ ಅಂದ್ರೆ ಜರ್ಮನ್ ಚಕ್ರವರ್ತಿ ಕಾಲದ್ದು ಅಂತ ಎಷ್ಟೇ ಆಣೆ ಹಾಕ್ಲಿ.

ಮತ್ತೊಬ್ಬರು: ನಮ್ಮ ಮಾವ ಅಮೆರಿಕದಿಂದ ಬಡ್‌ವೈಸರ್ ಕುದುರೆಗಾಡಿ ಮಗ್ ತಂದಿದ್ರು, ತಳದಲ್ಲಿ ಬ್ರೆಜಿಲ್ ಅಂತಿದೆ! ಜರ್ಮನಿ ಇರಬೇಕಲ್ವಾ?

ಉತ್ತರ: ಸರಿಯಾಗೇ ಇದೆ. ಬಡ್‌ವೈಸರ್‌ನವರು 1980ರಿಂದ ಕ್ರಿಸ್ಮಸ್ ಹಬ್ಬಕ್ಕೆ ಅಂತ ತಂದ ಆ ಸೀರೀಸ್‌ನಲ್ಲಿ ಎಷ್ಟೋ ಮಗ್‌ಗಳನ್ನ ಮಾಡಿದ್ದು ಬ್ರೆಜಿಲ್‌ನ ಸೆರಾಮಾರ್ಟೆ ಅನ್ನೋ ಕಂಪನಿ. ಲಾಟುಗಟ್ಟಲೆ ಬಂದಿದಾವೆ, ಹಾಗಾಗಿ ರೇಟ್ ಜಾಸ್ತಿ ಬರಲ್ಲ. ಮಾವನ ಹತ್ರ ಮಗ್ ಜೊತೆ ಬಂದ ಡಬ್ಬ ಇದ್ರೆ ಬಿಸಾಕಬೇಡಿ ಅನ್ನಿ, ಕೊಳ್ಳೋರು ಮೊದಲು ಕೇಳೋದೇ ಅದನ್ನ.