ಬೆಂಗಳೂರಿಂದ ಲಂಡನಿಗೆ ಆರೇ ಗಂಟೆಯಾ?

ಬದಿಯಡ್ಕದವ: ಅಕ್ಕನ ಬಾಣಂತನಕ್ಕೆ ಜೂನಲ್ಲಿ ಅಮ್ಮನನ್ನು ಲಂಡನಿಗೆ ಕಳಿಸ್ಲಿಕ್ಕುಂಟು, ಟಿಕೆಟಲ್ಲಿ ನೋಡಿದ್ರೆ ಮಧ್ಯಾಹ್ನ 1ಕ್ಕೆ ಹೊರಟು ಸಂಜೆ 7ಕ್ಕೆ ಇಳಿಯುದು ಅಂತ ಉಂಟು, ಇದೆಂತ ಲೆಕ್ಕ ಮಾರಾಯ್ರೇ? ದೂರ ಎಷ್ಟು?

ಕುಂಬಳೆ ಭಟ್ರು: ಆ 7 ಅಲ್ಲಿನ ಟೈಮು. ಬೇಸಿಗೆಯಲ್ಲಿ ಅವ್ರು ನಮ್ಗಿಂತ ನಾಲ್ಕೂವರೆ ಗಂಟೆ ಹಿಂದೆ, ಚಳಿಗಾಲದಲ್ಲಿ ಐದೂವರೆ. ಆರಕ್ಕೆ ನಾಲ್ಕೂವರೆ ಸೇರ್ಸಿ, ಹತ್ತೂವರೆ ಗಂಟೆ ಆಯ್ತಲ್ಲ. ದೂರ ಸೀದಾ ಅಳೆದ್ರೆ ಸುಮಾರು 8,000 ಕಿ.ಮೀ.

ಗಡಿನಾಡ ಹುಡುಗಿ: ಸೀದಾ ಹೋಗುದು ಎಲ್ಲಿಂದ, ಯಾವುದಾದ್ರೂ ದೇಶದ ಆಕಾಶ ಬಂದ್ ಇದ್ರೆ ಸುತ್ತು ಹಾಕಿಯೇ ಹೋಗ್ಬೇಕು, ಆಗ ಹೊತ್ತೂ ಜಾಸ್ತಿ ಡೀಸೆಲ್ಲೂ ಜಾಸ್ತಿ 😄 ವಾಪಸ್ ಬರುವಾಗ ಸಾಮಾನ್ಯ ಸ್ವಲ್ಪ ಬೇಗ ಆಗ್ತದೆ, ಮೇಲೆ ಪಶ್ಚಿಮದಿಂದ ಪೂರ್ವಕ್ಕೆ ಜೆಟ್ ಸ್ಟ್ರೀಮ್ ಅಂತ ಜೋರು ಗಾಳಿ ಉಂಟಲ್ಲ, ಅದು ಹಿಂದಿನಿಂದ ದೂಡ್ತದೆ.

ಕುಂಬಳೆ ಭಟ್ರು: ಡೀಸೆಲ್ ಅಲ್ಲ ಮಾರಾಯ್ತಿ, ಒಂಥರಾ ಸೀಮೆಎಣ್ಣೆ ಅದು.

ಬದಿಯಡ್ಕದವ: ಹಾಗಾದ್ರೆ ಕಾಸರಗೋಡಿಂದ ರಾತ್ರಿ ಟ್ರೇನಲ್ಲಿ ಬೆಂಗಳೂರಿಗೆ ಹೋಗಿ ಅದೇ ದಿನ ಹತ್ಬಹುದಾ?

ಗಡಿನಾಡ ಹುಡುಗಿ: ಬೇಡ! ಸ್ಟೇಷನಿಂದ ಏರ್‌ಪೋರ್ಟಿಗೇ 35 ಕಿ.ಮೀ. ಹತ್ರ ಉಂಟು, ಮೂರು ಗಂಟೆ ಮೊದ್ಲು ಅಲ್ಲಿರ್ಬೇಕು, ಟ್ರೇನ್ ಲೇಟಾದ್ರೆ ಮುಗೀತು. ಹಿಂದಿನ ದಿನವೇ ಹೋಗ್ಲಿ. ಅಮ್ಮನಿಗೆ ವೀಲ್‌ಚೇರ್ ಈಗ್ಲೇ ಬುಕ್ ಮಾಡಿ, ಲಂಡನಿನ ಹೀಥ್ರೂ ಏರ್‌ಪೋರ್ಟಲ್ಲಿ ನಡೆದು ನಡೆದು ಸಾಕಾಗ್ತದೆ.